ಹೊಸ ಪುಸ್ತಕಕ್ಕೆ ಮುಂಗಡ: ಪ್ರಕಾಶಕರಿಗೋ, ಆನ್‌ಲೈನ್ ಅಂಗಡಿಗೋ?

ಎರಡು ವರ್ಷದಲ್ಲಿ ಒಂಬತ್ತು ಕನ್ನಡ ಪುಸ್ತಕಗಳಿಗೆ ಬಿಡುಗಡೆಗೆ ಮುಂಚೆಯೇ ದುಡ್ಡು ಕಟ್ಟಿದ್ದೇನೆ. ಐದು ನೇರವಾಗಿ ಪ್ರಕಾಶಕರಿಗೆ, ನಾಲ್ಕು ದೊಡ್ಡ ಆನ್‌ಲೈನ್ ಅಂಗಡಿಗೆ. ನಾನಿರುವುದು ದಾವಣಗೆರೆಯಲ್ಲಿ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ನಯನ ಸಭಾಂಗಣಕ್ಕೆ ಹೋಗಿ, ಉಪ್ಪಿಟ್ಟು ತಿಂದು, ಬಿಡುಗಡೆಯಾದ ಪುಸ್ತಕ ಕೈಯಲ್ಲಿ ಹಿಡಿದು ಬರುವ ಸುಖ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಬೆಲೆಯಲ್ಲಿ ಆನ್‌ಲೈನ್ ಅಂಗಡಿಯೇ ಮೇಲು. 300 ರೂಪಾಯಿಯ ಕಾದಂಬರಿ ಅಲ್ಲಿ 270ಕ್ಕೆ ಮನೆಗೆ ಬಂತು. ಪ್ರಕಾಶಕರು 250 ಅಂದರೂ ಕಳಿಸುವ ಖರ್ಚು ಸೇರಿ ಮತ್ತೆ 300 ಆಯಿತು. ಪುಸ್ತಕಕ್ಕೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ ಮೇಲೆ ಈ ಹೊರೆ ಜಾಸ್ತಿಯಾಗಿದೆ.

ತಡ ಇಬ್ಬರಲ್ಲೂ ಆಗಿದೆ. ಆನ್‌ಲೈನಿನಲ್ಲಿ ಎರಡು ಸಲ ದಿನಾಂಕ ಮುಂದೆ ಹೋಯಿತು, ಕಾರಣ ಹೇಳಲಿಲ್ಲ. ಪ್ರಕಾಶಕರು ಹದಿನೈದು ದಿನ ಅಂದದ್ದು ಆರು ವಾರ ಎಳೆಯಿತು. ಆದರೆ ವಾಟ್ಸ್ಆ್ಯಪಿನಲ್ಲಿ ಕೇಳಿದಾಗ, ಬೈಂಡಿಂಗ್‌ಗೆ ಕಾಯುತ್ತಿದ್ದ ಹಾಳೆಗಳ ರಾಶಿಯ ಫೋಟೋ ಕಳಿಸಿದರು. ನನಗೆ ಅಷ್ಟು ಸಾಕಿತ್ತು.

ನಿಜವಾದ ವ್ಯತ್ಯಾಸ ತಿಳಿದದ್ದು ಪುಸ್ತಕ ಕೆಟ್ಟು ಬಂದಾಗ. ಒಂದು ಪ್ರತಿಯಲ್ಲಿ 97ರಿಂದ 112ನೇ ಪುಟ ಎರಡು ಸಲ ಇತ್ತು, ಮುಂದಿನ ಹದಿನಾರು ಪುಟ ಇರಲೇ ಇಲ್ಲ. ಬೈಂಡಿಂಗ್‌ನಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಚಿದ ಹದಿನಾರು ಪುಟದ ಕಟ್ಟು, ಎರಡು ಸಲ ಸೇರಿ ಮುಂದಿನದು ಬಿಟ್ಟುಹೋದರೆ ಹೀಗಾಗುತ್ತದೆ. ಪ್ರಕಾಶಕರಿಗೆ ಫೋಟೋ ಕಳಿಸಿದೆ. ನಾಲ್ಕೇ ದಿನದಲ್ಲಿ ಬೇರೆ ಪ್ರತಿ ಬಂತು, ಲೇಖಕಿಯ ಸಹಿ ಸಮೇತ. ಹಳೆಯದನ್ನು ವಾಪಸ್ ಕೇಳಲೂ ಇಲ್ಲ. ಇಂಥದ್ದೇ ತಪ್ಪು ಆನ್‌ಲೈನ್ ಪ್ರತಿಯಲ್ಲೂ ಸಿಕ್ಕಿತು. ಆದರೆ ನಾನು ಆ ಪುಟಕ್ಕೆ ಬರುವಷ್ಟರಲ್ಲಿ ಹಿಂದಿರುಗಿಸುವ ಗಡುವು ಮುಗಿದಿತ್ತು. ದುಡ್ಡೂ ಇಲ್ಲ, ಪುಸ್ತಕವೂ ಇಲ್ಲ. ತುಂಬಾ ಬೇಜಾರಾಯಿತು.

ಇನ್ನೊಂದು ಮಾತು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದನ್ನು ಅಚ್ಚು ಹಾಕುವ ಕಾಗದಕ್ಕೆ ಇದೆ. ಸಣ್ಣ ಪ್ರಕಾಶಕರಿಗೆ ಕಾಗದ, ಮುದ್ರಣದ ಬಿಲ್ ಮೊದಲು ಬರುತ್ತದೆ, ಮಾರಾಟದ ಹಣ ನಿಧಾನಕ್ಕೆ. ನಮ್ಮ ಮುಂಗಡ ನೇರ ಆ ಬಿಲ್ಲಿಗೆ ಒದಗುತ್ತದೆ ಅಲ್ವಾ? ಪ್ರಕಾಶಕರಲ್ಲಿ ಹೆಚ್ಚಿಗೆ ಕೊಟ್ಟ ಆ ಮೂವತ್ತು ರೂಪಾಯಿ ನನಗೆ ನಷ್ಟ ಅನ್ನಿಸುವುದಿಲ್ಲ.

ಹಾಗಂತ ಸುಮ್ನೆ ಯಾರಿಗೋ ದುಡ್ಡು ಹಾಕಬೇಡಿ. ಪುಸ್ತಕ ಅಚ್ಚಿಗೆ ಹೋಗಿದೆಯಾ ಅಂತ ಮೊದಲು ಕೇಳಿ. ಬರೀ ಮುಖಪುಟ ತೋರಿಸಿ ಹಣ ಕೇಳಿದರೆ ನಾನು ಕಾಯುತ್ತೇನೆ. ಸದ್ಯ ಒಂದು ಕಥಾಸಂಕಲನಕ್ಕೆ ಪ್ರಕಾಶಕರಲ್ಲೇ ಕಟ್ಟಿದ್ದೇನೆ. ಒಳಪುಟ ಅಚ್ಚಾಗಿದೆ, ಮುಖಪುಟ ಲ್ಯಾಮಿನೇಷನ್‌ಗೆ ಹೋಗಿದೆಯಂತೆ.