ಬಟ್ಟಲು ತುಂಬಿತ್ತು, ಬಡ್ಜಿ ಉಪವಾಸವಿತ್ತು

ಬಡ್ಜಿ, ಅಂದರೆ ಬಡ್ಜೆರಿಗರ್ ಎಂಬ ಪುಟ್ಟ ಗಿಳಿ ಸಾಕಿದವರು, ಅದರಲ್ಲೂ ಕಾಳಿನ ರೂಢಿ ಬಿಡಿಸಿ ಪೆಲೆಟ್ (ಹಕ್ಕಿಗೆಂದೇ ಮಾಡಿದ ಸಿದ್ಧ ಆಹಾರದ ಗುಳಿಗೆ) ಹಿಡಿಸಲು ಹೊರಟವರು, ಇದನ್ನು ಪೂರ್ತಿ ಓದಿ. ಎರಡು ವರ್ಷದ, 36 ಗ್ರಾಂ ತೂಗುತ್ತಿದ್ದ, ಗಟ್ಟಿಮುಟ್ಟಾಗಿದ್ದ ಒಂದು ಗಂಡು ಬಡ್ಜಿ ಮೂರೇ ದಿನದಲ್ಲಿ ಸತ್ತಿದೆ. ವಿಷ ತಿಂದಿರಲಿಲ್ಲ, ಬೆಕ್ಕು ಮುಟ್ಟಿರಲಿಲ್ಲ. ಬಟ್ಟಲ ತುಂಬ ಆಹಾರವಿದ್ದೂ ಹಸಿವಿನಿಂದ ಸತ್ತಿತು.

ನಡೆದದ್ದು ಇಷ್ಟು. ಬರೀ ನವಣೆ, ಬರಗು ತಿಂದರೆ ಲಿವರ್ ಕೆಡುತ್ತದೆ ಎಂಬ ಮಾತು ಮನೆಯವರ ಕಿವಿಗೆ ಬಿತ್ತು. ಮಾತೇನೋ ಸುಳ್ಳಲ್ಲ. ಒಂದು ಬೆಳಗ್ಗೆ ಕಾಳಿನ ಬಟ್ಟಲು ತೆಗೆದು ಆ ಜಾಗಕ್ಕೆ ಪೆಲೆಟ್ ಬಟ್ಟಲು ಇಟ್ಟರು. ‘ಹಸಿವಾದ್ರೆ ತಾನೇ ತಿನ್ನುತ್ತೆ ಬಿಡಿ’ ಎಂಬ ಧೈರ್ಯ. ಮೊದಲ ದಿನ ಹಕ್ಕಿ ಬಟ್ಟಲಂಚಿಗೆ ಕೂತು ಪೆಲೆಟ್ ಎತ್ತಿತು, ಕಡಿಯಿತು, ಪುಡಿ ಮಾಡಿ ಚೆಲ್ಲಿತು. ನೋಡಿದವರಿಗೆ ತಿನ್ನುತ್ತಿದೆ ಅನ್ನಿಸಿತು. ಎರಡನೆಯ ದಿನ ಚಿಲಿಪಿಲಿ ನಿಂತಿತು. ಮಧ್ಯಾಹ್ನದ ಬಿಸಿಲಲ್ಲೂ ಗರಿ ಉಬ್ಬಿಸಿಕೊಂಡು ಕೂತಿತ್ತು. ಚಳಿಯೇನೋ ಎಂದು ಪಂಜರಕ್ಕೆ ಬಟ್ಟೆ ಹೊದಿಸಿದರು. ಮೂರನೆಯ ಬೆಳಗ್ಗೆ ಪಂಜರದ ತಳದಲ್ಲಿ ಬಿದ್ದಿತ್ತು. ಅಂಗೈಗೆ ತೆಗೆದುಕೊಂಡರೆ ಎದೆಮೂಳೆ ಎದ್ದು ತಾಗುತ್ತಿತ್ತು.

‘ಹಸಿವಾದರೆ ತಿನ್ನುತ್ತೆ’ ಎಂಬ ಲೆಕ್ಕ ಬಡ್ಜಿಗೆ ಹೊಂದುವುದಿಲ್ಲ. ಮರಿಯಾಗಿದ್ದಾಗ ಯಾವುದನ್ನು ತಿಂದು ಬೆಳೆಯಿತೋ ಅದನ್ನಷ್ಟೇ ಈ ಹಕ್ಕಿ ಸುಲಭವಾಗಿ ಆಹಾರವೆಂದು ಗುರುತಿಸುತ್ತದೆ. ಕಾಳಿನ ಸಿಪ್ಪೆ ಬಿಡಿಸಿ ತಿನ್ನುವುದು ಅದಕ್ಕೆ ಗೊತ್ತಿರುವ ಕೆಲಸ. ಪೆಲೆಟ್ಟಿಗೆ ಬಿಡಿಸಲು ಸಿಪ್ಪೆಯೇ ಇಲ್ಲ. ಹಾಗಾಗಿ ಅದು ಆಟದ ಸಾಮಾನು. ಇನ್ನೊಂದು ಕಡೆ, ಇಷ್ಟು ಪುಟ್ಟ ಮೈಯ ಬಿಸಿ ಕಾಯಲು ದಿನವಿಡೀ ಒಲೆ ಉರಿಯುತ್ತಲೇ ಇರಬೇಕು. ಗಂಟಲ ಚೀಲದಲ್ಲಿ ಹಿಡಿಯುವುದು ಒಂದು ರಾತ್ರಿಗಾಗುವಷ್ಟು. ಇಪ್ಪತ್ತನಾಲ್ಕು ಗಂಟೆ ಏನೂ ತಿನ್ನದಿದ್ದರೆ ಅಪಾಯ, ನಲವತ್ತೆಂಟು ಗಂಟೆಯಲ್ಲಿ ಸಾವೂ ಬರಬಹುದು. ಅಷ್ಟು ಹೊತ್ತೂ ಹಕ್ಕಿ ತನ್ನ ನಿತ್ರಾಣವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಕಾಡಿನಲ್ಲಿ ಬಲಹೀನ ಹಕ್ಕಿಯೇ ಮೊದಲು ಬೇಟೆಯಾಗುವುದು. ಆ ಅಭ್ಯಾಸ ಪಂಜರದಲ್ಲೂ ಹೋಗಿಲ್ಲ. ಗರಿ ಉಬ್ಬಿಸಿ ಕೂತಿದ್ದು ನಿಮ್ಮ ಕಣ್ಣಿಗೆ ಬಿತ್ತೆಂದರೆ ಆಗಲೇ ತಡವಾಗಿದೆ.

ಆ ಮನೆಯಲ್ಲಿ ಯಾರೂ ಪಂಜರದ ತಳ ನೋಡಲಿಲ್ಲ. ಚೆನ್ನಾಗಿ ತಿನ್ನುವ ಬಡ್ಜಿ ದಿನಕ್ಕೆ ಸುಮಾರು 40 ಹಿಕ್ಕೆ ಹಾಕುತ್ತದೆ: ಸುರುಳಿ ಸುತ್ತಿದ ಹಸಿರು ಭಾಗ, ಅದರ ಮೇಲೆ ಬಿಳಿ ಸುಣ್ಣದಂಥ ಚುಕ್ಕೆ, ಸುತ್ತ ಒಂದಿಷ್ಟು ನೀರು. ಉಪವಾಸವಿದ್ದರೆ ಎಣಿಕೆ ಇಳಿಯುತ್ತದೆ, ಸುರುಳಿ ಹೋಗಿ ಕಪ್ಪು ಹಸಿರು ಲೋಳೆಯಷ್ಟೇ ಉಳಿಯುತ್ತದೆ. ಪೆಲೆಟ್ ನಿಜವಾಗಿ ಹೊಟ್ಟೆಗೆ ಹೋಗಿದ್ದರೆ ಹಿಕ್ಕೆ ಕಂದು ಬಣ್ಣಕ್ಕೆ ತಿರುಗಿ, ಗಾತ್ರವೂ ಹೆಚ್ಚುತ್ತದೆ. ಹಾಗಾಗಿ ತಳಕ್ಕೆ ಮರದ ಪುಡಿ, ಮರಳು ಹಾಕಬೇಡಿ. ಬಿಳಿ ಕಾಗದ ಹಾಸಿ, ದಿನಾ ಬದಲಿಸಿ, ಬದಲಿಸುವ ಮುಂಚೆ ನೋಡಿ.

ಹಿಕ್ಕೆಗಿಂತಲೂ ನಂಬಬಹುದಾದದ್ದು ತಕ್ಕಡಿ. ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಅದರ ಮೇಲೆ ಒಂದು ಸಣ್ಣ ಕೂರುಗೋಲು ಅಥವಾ ಡಬ್ಬಿ ಇಟ್ಟು ಸೊನ್ನೆಗೆ ತನ್ನಿ. ದಿನಾ ಬೆಳಗ್ಗೆ ಹಕ್ಕಿ ಮೊದಲ ದೊಡ್ಡ ಹಿಕ್ಕೆ ಹಾಕಿದ ಮೇಲೆ, ಕಾಳು ಕೊಡುವ ಮುಂಚೆ ತೂಗಿ ಬರೆದಿಡಿ. ಸಂಜೆ ಒಂದು ದಿನ, ಬೆಳಗ್ಗೆ ಒಂದು ದಿನ ತೂಗಿದರೆ ಲೆಕ್ಕ ಹೊಂದುವುದಿಲ್ಲ. ತುಂಬಿದ ಗಂಟಲ ಚೀಲವೇ ಒಂದೆರಡು ಗ್ರಾಂ ತೂಗುತ್ತದೆ.

ಆಹಾರ ಬದಲಿಸಲೇಬೇಕು ಅನ್ನುವವರು ಮೊದಲ ವಾರ ಏನನ್ನೂ ಬದಲಿಸದೆ ತೂಕವನ್ನಷ್ಟೇ ಬರೆಯಿರಿ. ನಂತರ ಕಾಳನ್ನು ದಿನವಿಡೀ ಇಡುವ ಬದಲು, ಒಟ್ಟು ಒಂದೂವರೆ ಟೀಚಮಚವನ್ನು ಬೆಳಗ್ಗೆ ಮತ್ತು ಸಂಜೆಗೆ ಹಂಚಿ ಕೊಡಿ. ನಡುವಿನ ಹೊತ್ತಿನಲ್ಲಿ ಪೆಲೆಟ್ ಇರಲಿ, ಆದರೆ ಇಡಿಯಾಗಿ ಅಲ್ಲ. ಮಿಕ್ಸಿಯಲ್ಲಿ ಪುಡಿ ಮಾಡಿ, ಕಾಳಿಗೆ ಎರಡು ಹನಿ ನೀರು ಚಿಮುಕಿಸಿ ಪುಡಿ ಹೊರಳಿಸಿದರೆ ಸಿಪ್ಪೆ ಬಿಡಿಸುವಾಗ ರುಚಿ ನಾಲಗೆಗೆ ಹತ್ತುತ್ತದೆ. ಒದ್ದೆ ಮಿಶ್ರಣವನ್ನು ಎರಡು ಗಂಟೆಯಲ್ಲಿ ತೆಗೆದುಬಿಡಿ, ಬೂಷ್ಟು ಹಿಡಿಯುತ್ತದೆ. ವಾರ ವಾರಕ್ಕೆ ಪುಡಿ ಸ್ವಲ್ಪ ದಪ್ಪವಾಗಲಿ, ಕಾಳು ಸ್ವಲ್ಪ ಕಡಿಮೆಯಾಗಲಿ. ಆಳವಾದ ಬಟ್ಟಲಿಗಿಂತ ಅಗಲ ತಟ್ಟೆ ಲೇಸು. ಆಸ್ಟ್ರೇಲಿಯಾದ ಬಯಲಿನಲ್ಲಿ ಇವು ನೆಲದ ಮೇಲೆ ಹೆಕ್ಕಿ ತಿನ್ನುವ ಹಕ್ಕಿಗಳು. ತಟ್ಟೆಯನ್ನು ಬೆರಳಿಂದ ಕುಟುಕಿದಂತೆ ಮಾಡಿದರೆ ಕುತೂಹಲಕ್ಕಾದರೂ ಇಳಿದು ಬರುತ್ತವೆ. ಪೆಲೆಟ್ ತಿನ್ನುವ ಇನ್ನೊಂದು ಬಡ್ಜಿ ಎದುರಿಗಿದ್ದರಂತೂ ಅದೇ ಗುರು. ಒಂದೆರಡು ತಿಂಗಳು ಹಿಡಿದರೆ ಬೇಜಾರು ಬೇಡ, ಕೆಲವು ಆರು ತಿಂಗಳು ಸತಾಯಿಸುತ್ತವೆ.

36 ಗ್ರಾಮಿನ ಹಕ್ಕಿ 33ಕ್ಕೆ ಇಳಿದರೆ ಅಲ್ಲಿಗೇ ನಿಲ್ಲಿಸಿ, ಹಳೆಯ ಕಾಳು ಪೂರ್ತಿ ಕೊಡಿ. ತೂಕದ ಹತ್ತನೇ ಒಂದು ಭಾಗ ಕರಗಿದರೆ ಅದು ಹಟದ ಮಾತಲ್ಲ, ವೈದ್ಯರ ಮಾತು. ಗರಿ ಉದುರಿಸುತ್ತಿರುವ, ಮೊಟ್ಟೆ ಇಡುತ್ತಿರುವ, ಕಾಯಿಲೆ ಬಿದ್ದಿರುವ, ಮನೆಗೆ ಈಗಷ್ಟೇ ಬಂದಿರುವ ಹಕ್ಕಿಯ ಮೇಲೆ ಈ ಬದಲಾವಣೆ ಶುರು ಮಾಡಲೇಬೇಡಿ.

ಹಾಗಾದರೆ ಕಾಳೇ ಸಾಕಲ್ಲ, ಈ ರಗಳೆ ಯಾಕೆ ಎಂದರೆ ಅದೂ ತಪ್ಪು. ಬರೀ ಕಾಳಿನಲ್ಲಿ ವಿಟಮಿನ್ ಎ, ಕ್ಯಾಲ್ಸಿಯಂ, ಅಯೋಡಿನ್ ಸಾಲದು. ಸೂರ್ಯಕಾಂತಿ ಬೀಜ ಸೇರಿದರೆ ಕೊಬ್ಬು ವಿಪರೀತ. ಕೊಕ್ಕು ಉದ್ದುದ್ದ ಬೆಳೆದು, ಕೊಕ್ಕು, ಉಗುರಿನ ಮೇಲೆ ಕಪ್ಪು ಚುಕ್ಕೆ ಬಿದ್ದರೆ ಲಿವರ್ ಪರೀಕ್ಷೆ ಮಾಡಿಸಿ. ಪೆಲೆಟ್ ಹಿಡಿಯುವ ತನಕ ತುರಿದ ಕ್ಯಾರೆಟ್, ಗಾಢ ಹಸಿರು ಸೊಪ್ಪು, ಕೆಂಪು ಕ್ಯಾಪ್ಸಿಕಂ, ಜೊತೆಗೆ ಕ್ಯಾಲ್ಸಿಯಂಗೆಂದು ಒಂದು ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಪಂಜರದಲ್ಲಿರಲಿ. ನೀರಿಗೆ ಹಾಕುವ ವಿಟಮಿನ್ ಹನಿಗಳ ಮೇಲೆ ಭರವಸೆ ಇಡಬೇಡಿ. ಕೆಲವೇ ಗಂಟೆಗಳಲ್ಲಿ ಸತ್ವ ಹೋಗುತ್ತದೆ, ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ರುಚಿ ಕೆಟ್ಟಿತೆಂದು ಹಕ್ಕಿ ನೀರನ್ನೇ ಬಿಡುವುದೂ ಉಂಟು. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ ಚೂರೂ ಬೇಡ.

ಬಟ್ಟಲು ಮೋಸ ಮಾಡುವ ಬಗೆ ಇನ್ನೂ ಇವೆ. ಬಡ್ಜಿ ಕಾಳಿನ ಸಿಪ್ಪೆಯನ್ನು ಬಟ್ಟಲಲ್ಲೇ ಉದುರಿಸುತ್ತದೆ. ಮೇಲಿಂದ ನೋಡಿದರೆ ತುಂಬಿದ ಬಟ್ಟಲು, ಊದಿದರೆ ಬರೀ ಹೊಟ್ಟು. ಊರಿಗೆ ಹೋಗುವಾಗ ‘ಬಟ್ಟಲು ಖಾಲಿಯಾದರೆ ತುಂಬಿಸಿ’ ಎಂದು ನೆರೆಯವರಿಗೆ ಹೇಳಿ ಹೋದವರು ವಾಪಸು ಬಂದು ಸತ್ತ ಹಕ್ಕಿ ನೋಡುವುದು ಹೀಗೆಯೇ. ಖಾಲಿಯಾಗುವುದನ್ನು ಕಾಯದೆ ದಿನಾ ಸುರಿದು ಹೊಸದಾಗಿ ಹಾಕಲು ಹೇಳಿ.

ಎರಡು ಹಕ್ಕಿಯಿದ್ದರೆ ಜೋರಿನದು ಬಟ್ಟಲು ಕಾಯುತ್ತದೆ, ಸಾಧುವಾದದ್ದು ಸೊರಗುತ್ತದೆ. ಬಟ್ಟಲು ಎರಡಿರಲಿ, ದೂರ ದೂರ ಇರಲಿ, ತೂಕ ಬೇರೆ ಬೇರೆ ಬರೆಯಿರಿ. ಇಡೀ ದಿನ ಕಾಳು ಕುಟುಕುತ್ತಲೇ ಇದ್ದರೂ ತೂಕ ಇಳಿಯುತ್ತಿದೆ, ಹಿಕ್ಕೆಯಲ್ಲಿ ಜೀರ್ಣವಾಗದ ಇಡೀ ಕಾಳು ಕಾಣುತ್ತಿದೆ ಎಂದರೆ ಹೊಟ್ಟೆಯ ಯೀಸ್ಟ್ ಸೋಂಕಿನಂಥದ್ದೇನೋ ಇರಬಹುದು. ಅದಕ್ಕೆ ಆಹಾರ ಬದಲಿಸಿ ಪ್ರಯೋಜನವಿಲ್ಲ, ಔಷಧಿಯೇ ಬೇಕು.

ಉಬ್ಬಿಕೊಂಡು ಕೂತ ಹಕ್ಕಿ ಕಂಡರೆ ಮೊದಲು ಬೆಚ್ಚಗಿಡಿ: ಪಂಜರದ ಒಂದು ಬದಿಗೆ 28–30 ಡಿಗ್ರಿ ಶಾಖ, ಇನ್ನೊಂದು ಬದಿ ತಂಪು, ಬೇಕಾದಾಗ ಸರಿದುಕೊಳ್ಳಲು. ಅದಕ್ಕೆ ಪರಿಚಯವಿರುವ ಕಾಳನ್ನು, ಸಿಕ್ಕರೆ ನವಣೆ ತೆನೆಯನ್ನು, ನೆಲದ ಮೇಲೇ ಹರಡಿ. ಕೂರುಗೋಲು ಹತ್ತಿ ಇಳಿಯುವ ಶಕ್ತಿ ಅದಕ್ಕಿರುವುದಿಲ್ಲ. ಕೊಕ್ಕು ಬಿಡಿಸಿ ಗ್ಲೂಕೋಸ್ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋದರೆ ಹಸಿವಿಗಿಂತ ಮೊದಲೇ ಅದು ಕೊಲ್ಲುತ್ತದೆ. ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿಗೆ ಅದೇ ದಿನ ಹೊರಡಿ. ತೂಕ ಬರೆದ ಚೀಟಿ ಜೊತೆಗಿರಲಿ, ಪಂಜರದ ತಳದ ಕಾಗದ ತೆಗೆದು ಬಿಸಾಡದೆ ಹಾಗೆಯೇ ಒಯ್ಯಿರಿ.