ಹಾಡು ಬರೆಯೋ ಕ್ಲಾಸಿಗೆ ಮಕ್ಕಳನ್ನು ಸೇರಿಸೋ ಮುಂಚೆ ಇದನ್ನು ಓದಿ

ನನ್ನ ಅಕ್ಕನ ಮಗಳು ತಿಪಟೂರಿನವಳು. ಹೈಸ್ಕೂಲಿನಿಂದಲೂ ಅವಳಿಗೆ ಹಾಡು ಬರೆಯೋ ಹುಚ್ಚು. ಪಿಯುಸಿ ಮುಗಿದ ಮೇಲೆ ಬೆಂಗಳೂರಿನ ಒಂದು ಸಾಂಗ್ ರೈಟಿಂಗ್ ಕ್ಲಾಸಿಗೆ ಸೇರಿದಳು. ಫೀಸು 65,000 ರೂಪಾಯಿ. ಕೋರ್ಸ್ ಮುಗಿದ ಮೇಲೆ ತಾನು ಬರೆದು, ತಾನೇ ಹಾಡಿದ ಹಾಡನ್ನು ತನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದಳು. 'ಈ ಹಾಡಿನ ಹಕ್ಕು ನಮ್ಮದು' ಅಂತ ಕಾಪಿರೈಟ್ ಕ್ಲೇಮ್ ಬಂತು. ಕ್ಲೇಮ್ ಹಾಕಿದ್ದು ಅವಳಿಗೆ ಪಾಠ ಹೇಳಿದ ಸಂಸ್ಥೆಯೇ.

ಸಂಸ್ಥೆಯ ಹೆಸರು ಹಾಕುತ್ತಿಲ್ಲ. ದೂರು ಇನ್ನೂ ನಡೆಯುತ್ತಿದೆ. ಅಲ್ಲದೆ ಇಂಥ ಅಂಗಡಿ ಒಂದೇ ಇಲ್ಲ, ಇವತ್ತು ಒಂದು ಹೆಸರು, ನಾಳೆ ಇನ್ನೊಂದು. ಇವರು ಹೇಗೆ ಕೆಲಸ ಮಾಡುತ್ತಾರೆ ಅನ್ನೋದು ಗೊತ್ತಿದ್ದರೆ ಜಾಸ್ತಿ ಉಪಯೋಗ.

ಶುರುವಾಗಿದ್ದು ಇನ್‌ಸ್ಟಾಗ್ರಾಮ್ ರೀಲ್‌ನಿಂದ. 'ಮೂರು ತಿಂಗಳಲ್ಲಿ ಗೀತರಚನೆಕಾರರಾಗಿ, ಸಿನಿಮಾದಲ್ಲಿ ಅವಕಾಶ ಖಚಿತ.' ಜೊತೆಗೆ ಸಂಸ್ಥೆಯ ಯಜಮಾನರು ಒಬ್ಬ ಹೆಸರಾಂತ ಸಂಗೀತ ನಿರ್ದೇಶಕರ ಪಕ್ಕ ನಿಂತ ಫೋಟೋ. ಸ್ವಲ್ಪ ಜೂಮ್ ಮಾಡಿ ನೋಡಿದರೆ ಹಿಂದೆ ಹೂವಿನ ಮಂಟಪ, ಯಾರದೋ ಆರತಕ್ಷತೆ. ಆಡಿಷನ್ ಅಂತ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಡಿ ಕಳಿಸಲು ಹೇಳಿದರು. 'ನೂರಾರು ಜನರಲ್ಲಿ ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ, ಇವತ್ತೇ 10,000 ಹಾಕಿದರೆ ಸೀಟು' ಅಂತ ಭಾವನಿಗೆ ಫೋನ್ ಬಂತು. ಆಮೇಲೆ ಬ್ಯಾಚಿನಲ್ಲಿ ವಿಚಾರಿಸಿದರೆ, ಆಡಿಷನ್‌ನಲ್ಲಿ ಬಿದ್ದುಹೋದವರು ಯಾರಿಗೂ ಗೊತ್ತಿಲ್ಲ.

ಇನ್ನು ಪಾಠ. ಒಂದು ಪಿಡಿಎಫ್ ಕೊಟ್ಟರು. ಅದರ ತುಂಬ ಪ್ರಾಸದ ಪಟ್ಟಿ: ಕಣ್ಣು, ಹಣ್ಣು, ಮಣ್ಣು, ಹೆಣ್ಣು. ಕರೋಕೆ ಹಾಕಿ ಹಳೇ ಹಾಡು ಹಾಡಿಸಿದರು. ಪಲ್ಲವಿ ಅಂದರೇನು, ಚರಣ ಅಂದರೇನು ಅಂತ ಒಂದು ದಿನ ಹೇಳಿದರು. ಅಷ್ಟೇ.

ಸಿನಿಮಾಕ್ಕೆ ಹಾಡು ಬರೆಯೋರು ಮಾಡೋ ಕೆಲಸವೇ ಬೇರೆ. ಹೆಚ್ಚಿನ ಸಲ ಟ್ಯೂನ್ ಮೊದಲು ಬರುತ್ತದೆ. 'ತನನ ತಾನ' ಅಂತಲೋ, ಅರ್ಥವಿಲ್ಲದ ಡಮ್ಮಿ ಸಾಲಿನಲ್ಲೋ ಹಾಡಿ ಕಳಿಸುತ್ತಾರೆ. ಅದರ ಮೀಟರಿಗೆ, ಅಂದರೆ ಟ್ಯೂನಿನ ಅಳತೆಗೆ, ಮಾತು ಕೂರಿಸಬೇಕು. ಸ್ವರ ಎಳೆಯುವ ಜಾಗದಲ್ಲಿ ದೀರ್ಘಾಕ್ಷರ ಬಂದರೆ ಹಾಡೋರಿಗೆ ಸಲೀಸು. ಅದೇ ಜಾಗಕ್ಕೆ 'ಮನಸ್ಸು' ಅಂತ ಹಾಕಿ ನೋಡಿ. ಆ ಒತ್ತಕ್ಷರದ ಹತ್ತಿರ ಗಂಟಲು ತಡವರಿಸುತ್ತದೆ, ಕೇಳೋರಿಗೆ ಪದವೇ ಸರಿಯಾಗಿ ಸಿಗುವುದಿಲ್ಲ. ಅಲ್ಲಿ 'ಮನಸೇ' ಅಂತ ಮಾಡಿಕೊಂಡರೆ ಹಾಡು ಹರಿಯುತ್ತದೆ. ಇಂಥ ತಿದ್ದುಪಡಿ ದಿನವೂ ಕೂತು ಮಾಡಿದರೆ ಮಾತ್ರ ಬರುವ ವಿದ್ಯೆ ಇದು. ಮೂರು ತಿಂಗಳಲ್ಲಿ ಅವಳ ಒಂದು ಸಾಲಿನ ಮೇಲೂ ಯಾರೂ ಪೆನ್ನಿನ ಗೆರೆ ಎಳೆದಿಲ್ಲ. ಅವಳ ನೋಟ್‌ಬುಕ್ ನಾನು ನೋಡಿದ್ದೇನೆ. ಪ್ರತಿ ಹಾಡಿನ ಕೆಳಗೂ 'ಸೂಪರ್' ಅಂತ ಬರೆದಿದೆ.

ಕೊನೆಗೆ 'ರಿಲೀಸ್ ಪ್ಯಾಕೇಜ್' ಅಂತ ಇನ್ನೂ 18,000 ತೆಗೆದುಕೊಂಡರು. ಹಾಡು ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಬರುತ್ತದೆ, ಐಎಸ್‌ಆರ್‌ಸಿ ನಂಬರ್ (ಪ್ರತಿ ರೆಕಾರ್ಡಿಂಗ್‌ಗೂ ಇರುವ ಗುರುತಿನ ಸಂಖ್ಯೆ) ಮಾಡಿಸಿಕೊಡುತ್ತೇವೆ ಅಂದರು. ಕೇಳಲು ಭಾರೀ ಅನಿಸುತ್ತದೆ ಅಲ್ವಾ? ಹಾಡನ್ನು ಇಂಥ ಆ್ಯಪ್‌ಗಳಿಗೆ ತಲುಪಿಸುವ ಡಿಜಿಟಲ್ ಡಿಸ್ಟ್ರಿಬ್ಯೂಟರ್ ಕಂಪನಿಗಳ ಮೂಲಕ ಯಾರು ಬೇಕಾದರೂ ಮನೆಯಲ್ಲೇ ಕೂತು ಹಾಡು ಬಿಡುಗಡೆ ಮಾಡಬಹುದು. ಅದಕ್ಕೆ ಇಷ್ಟೆಲ್ಲ ದುಡ್ಡು ಬೇಕಿಲ್ಲ. ಆ ನಂಬರನ್ನೂ ಡಿಸ್ಟ್ರಿಬ್ಯೂಟರೇ ಕೊಡುತ್ತಾರೆ. ಹಾಡು ಬಂದಾಗ ನೋಡಿದರೆ 'ಸಾಹಿತ್ಯ' ಅನ್ನೋ ಕಡೆ ಸಂಸ್ಥೆಯ ತಂಡದ ಹೆಸರಿತ್ತು. ಅವಳು ಬರೀ ಗಾಯಕಿ!

ಕೇಳಿದರೆ ಒಂದು ಕಾಗದ ತೋರಿಸಿದರು. ರೆಕಾರ್ಡಿಂಗ್ ದಿನ ಹೆಡ್‌ಫೋನ್ ಕೈಗೆ ಕೊಡುವ ಮುಂಚೆ, 'ಸ್ಟುಡಿಯೋ ಫಾರ್ಮಾಲಿಟಿ' ಅಂತ ಹೇಳಿ ಅವಳೊಬ್ಬಳ ಹತ್ತಿರ ಸಹಿ ಹಾಕಿಸಿಕೊಂಡಿದ್ದ ಕಾಗದ. ಕೋರ್ಸಿನಲ್ಲಿ ಬರೆದ ಎಲ್ಲ ಹಾಡಿನ ಹಕ್ಕು ಶಾಶ್ವತವಾಗಿ, ವಿಶ್ವದಾದ್ಯಂತ ಸಂಸ್ಥೆಗೆ ಸೇರಿದ್ದು, ರಾಯಲ್ಟಿ ಕೇಳುವಂತಿಲ್ಲ ಅಂತ ಅದರಲ್ಲಿತ್ತು.

ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ನೀವಾಗಿ ಬರೆದ ಹಾಡು ಬರೆದ ಕ್ಷಣದಿಂದಲೇ ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ಇರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷ ಮಾತ್ರ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆ 'ಶಾಶ್ವತ', 'ವಿಶ್ವದಾದ್ಯಂತ' ಸುಮ್ನೆ ಬಂದಿದ್ದಲ್ಲ, ಕಾಗದ ಬರೆದವನಿಗೆ ಕಾನೂನು ಚೆನ್ನಾಗಿ ಗೊತ್ತಿತ್ತು. ಆದರೆ 2012ರ ತಿದ್ದುಪಡಿ ಅವನು ಓದಿರಲಿಲ್ಲ, ಅಥವಾ ನಾವು ಓದಿರಲ್ಲ ಅಂದುಕೊಂಡಿದ್ದ. ಆ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರು, ಸಂಗೀತ ಮಾಡಿದವರು ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಆಡಿಯೋ ಕಂಪನಿಗೋ ನಿರ್ಮಾಪಕರಿಗೋ ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಟ್ಟೆ ಅಂತ ಬರೆದರೂ ಆ ಮಾತು ನಡೆಯುವುದಿಲ್ಲ. ಹಕ್ಕು ಮಾರಿದ ಮೇಲೂ 'ಇದು ನಾನು ಬರೆದದ್ದು' ಅಂತ ಹೆಸರು ಕೇಳುವ ಹಕ್ಕು ಬರೆದವರಿಗೇ ಇರುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಸಹಿ ಹಾಕಿದ ದಿನ ಅವಳಿಗೆ 18 ತುಂಬಿರಲಿಲ್ಲ. ನಮ್ಮ ದೇಶದಲ್ಲಿ ಅಪ್ರಾಪ್ತರು ಮಾಡಿಕೊಂಡ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಪರಿಚಯದ ವಕೀಲರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಇಟ್ಟು ಒಂದು ನೋಟಿಸ್ ಕಳಿಸಿದರು. ಅಲ್ಲಿಯವರೆಗೆ ಫೋನ್ ಎತ್ತದೇ ಇದ್ದವರು ಆ ವಾರವೇ ಕ್ಲೇಮ್ ವಾಪಸ್ ತೆಗೆದರು, ಹಾಡನ್ನೂ ಇಳಿಸಿದರು. ದುಡ್ಡು ಮಾತ್ರ ಬಂದಿಲ್ಲ.

ಹಾಗಂತ ಕ್ಲಾಸೇ ಬೇಡ ಅಂತ ನಾನು ಹೇಳುತ್ತಿಲ್ಲ. ಗೀತರಚನೆಗೆ ಅಂತಲೇ ಇರುವ ಒಳ್ಳೆಯ ಕೋರ್ಸ್ ಕನ್ನಡದಲ್ಲಿ ಕಡಿಮೆ. ಆ ಖಾಲಿ ಜಾಗದಲ್ಲೇ ಇಂಥವರು ಅಂಗಡಿ ತೆರೆಯುವುದು. ಸಂಗೀತ ಕಲಿಯಲು ಜಾಗ ಬೇಕಾದಷ್ಟಿವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು, ಬಡ ಮಕ್ಕಳು ಊಟ, ವಸತಿ ಜೊತೆ ಹಾಡು ಕಲಿಯುತ್ತಾರೆ. ಪಾಶ್ಚಾತ್ಯ ಸಂಗೀತ ಬೇಕಿದ್ದರೆ 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಕಟ್ಟಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇದೆ. ಬರೆಯುವ ಕಡೆ ಒಲವಿದ್ದರೆ ನನ್ನ ಸಲಹೆ ಬೇರೆ: ಬಡಾವಣೆಯ ಒಂದು ಸುಗಮ ಸಂಗೀತ ಕ್ಲಾಸಿಗೆ ಹೋಗಲಿ, ಯಾವುದಾದರೂ ಹವ್ಯಾಸಿ ನಾಟಕ ತಂಡ ಸೇರಲಿ. ನಾಟಕದವರಿಗೆ ಯಾವಾಗಲೂ ಹಾಡು ಬೇಕಾಗಿರುತ್ತದೆ. ಇವತ್ತು ಬರೆದದ್ದು ಸಂಜೆ ತಾಲೀಮಿನಲ್ಲಿ ಬಾಯಿಗೆ ಬರುತ್ತದಾ ಇಲ್ವಾ ಅಂತ ತಕ್ಷಣ ಗೊತ್ತಾಗುತ್ತದೆ.

ಎಲ್ಲೇ ಸೇರಿಸುವುದಿದ್ದರೂ ಡೆಮೊ ಕ್ಲಾಸಿಗೆ ಮಗುವಿನ ಜೊತೆ ನೀವೂ ಹೋಗಿ. ಮಗು ಬರೆದ ಎರಡು ಸಾಲು ಕೊಟ್ಟು, ನಿಮ್ಮ ಎದುರೇ ಒಂದು ಟ್ಯೂನಿಗೆ ಕೂರಿಸಿ ತೋರಿಸಲು ಹೇಳಿ. ಕಲಿಸೋಕೆ ಬರುವವರು ಖುಷಿಯಾಗಿ ಮಾಡುತ್ತಾರೆ. 'ಅದೆಲ್ಲ ಅಡ್ವಾನ್ಸ್ ಲೆವೆಲ್‌ನಲ್ಲಿ' ಅಂದರೆ ಎದ್ದು ಬನ್ನಿ. ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಅಂದರೆ ಯಾವ ಬೋರ್ಡಿನದು ಅಂತ ಕೇಳಿ. ಟ್ರಿನಿಟಿ ಕಾಲೇಜ್ ಲಂಡನ್ ಅಥವಾ ಎಬಿಆರ್‌ಎಸ್‌ಎಂ (ಎರಡೂ ಬ್ರಿಟನ್ನಿನ ಪರೀಕ್ಷಾ ಮಂಡಳಿಗಳು) ಗ್ರೇಡ್ ಪರೀಕ್ಷೆಯಾದರೆ ಪ್ರಮಾಣಪತ್ರ ಕೊಡುವುದು ಆ ಬೋರ್ಡೇ, ನಿಮ್ಮ ಟ್ಯೂಷನ್ ಮೇಷ್ಟ್ರಲ್ಲ. ಅವಕಾಶ ಕೊಡಿಸುತ್ತೇವೆ ಅಂದವರ ಹತ್ತಿರ ಹಿಂದಿನ ಬ್ಯಾಚಿನ ಯಾರ ಹೆಸರು ಯಾವ ಸಿನಿಮಾದ ಟೈಟಲ್ ಕಾರ್ಡಿನಲ್ಲಿದೆ ಅಂತ ಕೇಳಿ ಸುಮ್ಮನೆ ಕೂತುಬಿಡಿ. ಯಾವ ಕಾಗದಕ್ಕೂ ಅಲ್ಲೇ ನಿಂತು ಸಹಿ ಹಾಕಬೇಡಿ, ಮನೆಗೆ ತನ್ನಿ. ಮನೆಗೆ ಕೊಡಲ್ಲ ಅಂದರೆ ಉತ್ತರ ಸಿಕ್ಕಿತು.

ಈಗಾಗಲೇ ದುಡ್ಡು ಕಟ್ಟಿ ಕೂತವರಿಗೆ: ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸಂಸ್ಥೆ ಬೆಂಗಳೂರಿನಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾವು ತುಮಕೂರಿನಲ್ಲಿ ಕೊಟ್ಟಿದ್ದೇವೆ. ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ಆಯೋಗಕ್ಕೆ ಶುಲ್ಕವೂ ಇಲ್ಲ. ರಸೀದಿ ಕೊಟ್ಟಿಲ್ಲ ಅಂತ ಹಿಂಜರಿಯಬೇಡಿ, ಯುಪಿಐ ದಾಖಲೆ ಸಾಕಷ್ಟು ಮಾತಾಡುತ್ತದೆ. ಅವರ ರೀಲ್, ವಾಟ್ಸಾಪ್ ಮೆಸೇಜು ಎಲ್ಲ ಇವತ್ತೇ ಸೇವ್ ಮಾಡಿಕೊಳ್ಳಿ, ನೋಟಿಸ್ ಹೋದ ಮೇಲೆ ಅವು ಮಾಯವಾಗುತ್ತವೆ. ಒಂದೇ ಬ್ಯಾಚಿನ ನಾಲ್ಕಾರು ಜನ ಇದ್ದರೆ ಆಯೋಗದ ಅನುಮತಿ ಪಡೆದು ಒಟ್ಟಿಗೇ ದೂರು ಕೊಡಲು ಬರುತ್ತದೆ. ನಮ್ಮ ಹುಡುಗಿಯ ಬ್ಯಾಚಿನ ಇನ್ನಿಬ್ಬರ ಮನೆಯವರ ಹತ್ತಿರ ಈಗ ಅದನ್ನೇ ಮಾತಾಡುತ್ತಿದ್ದೇವೆ.