ಯುಎಫ್‌ಸಿಯ 3ಏಟ್ ಗ್ಲೌಸ್: ಆರು ತಿಂಗಳೂ ಬಾಳದ ಒಳ್ಳೆಯ ಯೋಚನೆ

ಗುದ್ದು, ಒದೆತ, ಕುಸ್ತಿ ಪಟ್ಟು ಎಲ್ಲವೂ ಸಲ್ಲುವ ಮಿಶ್ರ ಸಮರಕಲೆಯ (ಎಂಎಂಎ) ಗ್ಲೌಸ್‌ನ ತೂಕ ಸುಮಾರು 4 ಔನ್ಸ್, ಅಂದರೆ 113 ಗ್ರಾಂ. ಗೆಣ್ಣುಗಳ ಮೇಲೆ ಮೆತ್ತೆ, ಬೆರಳುಗಳು ಬಯಲು. ಪಟ್ಟು ಹಾಕಲು ಬೆರಳು ಬಿಡಿಯಾಗಿರಲೇಬೇಕು. ಎದುರಾಳಿಯ ಕಣ್ಣಿಗೆ ತಿವಿಯುವುದೂ ಅದೇ ಬೆರಳು. ಕೈ ಚಾಚಿ ದೂರ ಅಳೆಯುವಾಗ ಅಂಗೈ ಬಿಚ್ಚಿಕೊಳ್ಳುತ್ತದೆ, ಎದುರಾಳಿ ಮುನ್ನುಗ್ಗುತ್ತಾನೆ, ಅಲ್ಲಿಗೆ ಅನಾಹುತ.

ಎಂಎಂಎ ಪಂದ್ಯ ನಡೆಸುವ ಸಂಸ್ಥೆ ಯುಎಫ್‌ಸಿ ತನ್ನ ಕೂಟಗಳಿಗೆ ಸಂಖ್ಯೆ ಕೊಡುತ್ತದೆ. 2024ರ ಜೂನ್‌ನಲ್ಲಿ ಅದರ ಯುಎಫ್‌ಸಿ 302 ಕೂಟದಲ್ಲಿ ಬಂದ 3ಏಟ್ (3EIGHT) ಮತ್ತು 5ಏಟ್ (5EIGHT) ಗ್ಲೌಸ್ ಇದಕ್ಕೆ ಕೊಟ್ಟ ಉತ್ತರ ಸರಳ: ಗ್ಲೌಸನ್ನೇ ಬಾಗಿಸಿ ಹೊಲಿಯುವುದು. ಕೈ ತಾನಾಗಿ ಅರೆಮುಷ್ಟಿಯಲ್ಲಿ ನಿಲ್ಲುತ್ತದೆ, ಬೆರಳು ನೆಟ್ಟಗೆ ಮಾಡಲು ಬಲ ಹಾಕಬೇಕು. ಹಳೆಯ ಚಪ್ಪಟೆ ಗ್ಲೌಸ್‌ನಲ್ಲಿ ಇದು ತಿರುವುಮುರುವು; ಮುಷ್ಟಿ ಬಿಗಿಯಲು ಹೋದರೆ ಮೆತ್ತೆಯೇ ಹಿಂದಕ್ಕೆ ಎಳೆಯುತ್ತದೆ, ಮುಂಗೈ ಬೇಗ ಸೋಲುತ್ತದೆ. ಈ ಒಂದು ಅಂಶಕ್ಕೇ ಹೊಸದಕ್ಕೆ ನಮ್ಮ ಪೂರ್ಣ ಅಂಕ.

ಆದರೆ ನಾಕೌಟ್ ಕಡಿಮೆಯಾಯಿತು ಎಂಬ ದೂರು ಎದ್ದಿತು. ನವೆಂಬರ್‌ನ ಯುಎಫ್‌ಸಿ 309ಕ್ಕೆ ಹಳೆಯದೇ ಮರಳಿತು. ದುಡುಕಿನ ನಿರ್ಧಾರ. ಮೆತ್ತೆಯನ್ನು ತಿದ್ದಿ, ಬಾಗನ್ನು ಉಳಿಸಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಹಳೆಯ ಗ್ಲೌಸ್ ತೊಟ್ಟೇ ನಡೆದ ಟಾಮ್ ಆಸ್ಪಿನಾಲ್–ಸಿರಿಲ್ ಗಾನ್ ಹೆವಿವೇಟ್ ಪಟ್ಟದ ಪಂದ್ಯ ಮೊದಲ ಸುತ್ತಿನಲ್ಲೇ ಕಣ್ಣು ತಿವಿತದಿಂದ ಫಲಿತಾಂಶವಿಲ್ಲದೆ ನಿಂತಿತು.

ಅಭ್ಯಾಸಕ್ಕೆ ಕೊಳ್ಳುವವರು 4 ಔನ್ಸ್ ಬಿಟ್ಟು 7 ಔನ್ಸ್‌ನದು ಆರಿಸಿ. ಕೈಗೆ ಪಟ್ಟಿ ಸುತ್ತಿಕೊಂಡೇ ಅಳತೆ ನೋಡಿ. ಬೆರಳ ಸಂದು ಕೊರೆದರೆ ಒಂದು ಅಳತೆ ದೊಡ್ಡದು ಬೇಕು.